ಗಡಿಯಾಚೆ ನಿಂತು ಊರಿಗಾಗಿ ಮಾತಾಡಿದವರು

(ಜೂನ್ 18ರ ಗೋವಾ ಕ್ರಾಂತಿ ದಿನದ ಸಂಜೆ ಬೆಳಗಾವಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಆಡುವಾಗ ಬಂದಿದ್ದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಮಯ ಸಾಲದೆ ಅಂದು ಬಿಟ್ಟಿದ್ದ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ.)

ಹಿರಿಯರೇ, ಸ್ನೇಹಿತರೇ,

ನಮ್ಮ ಕಡೆಯ ಮಾತಿನಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಬೇರೆ ದೇಶದವನು ಎನ್ನುವ ಅರ್ಥಕ್ಕಿಂತ ದಿಕ್ಕಿಲ್ಲದವನು, ಹಿಂದುಮುಂದಿಲ್ಲದವನು ಎನ್ನುವ ಅರ್ಥವೇ ಹೆಚ್ಚು ರೂಢಿಯಲ್ಲಿದೆ. ಹೆತ್ತವರನ್ನು ಕಳೆದುಕೊಂಡ ಕೂಸನ್ನು ‘ಪರದೇಶಿ ಕೂಸು’ ಎಂದು ಮರುಗುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಊರು ಬಿಟ್ಟವನ ಪಾಡೂ ತಬ್ಬಲಿಯ ಪಾಡೂ ಬೇರೆಯಾಗಿ ಕಂಡಿರಲಿಲ್ಲ. ಈ ಸಂಜೆ ನಾನು ಹೇಳಹೊರಟಿರುವುದು ಅಂಥ ಪರದೇಶಿಗಳ ವಿಷಯ. ತಮ್ಮ ನಾಡಿನಲ್ಲಿ ಬಾಯಿ ತೆರೆಯಲು ಅವಕಾಶವಿಲ್ಲವೆಂದು ಗಡಿ ದಾಟಿ ಬಂದು, ಗಡಿಯ ಈಚೆಗೆ ನಿಂತು, ಆಚೆಯವರಿಗಾಗಿ ಹದಿನೈದು ವರ್ಷ ಮಾತಾಡಿದವರು ಅವರು. ಹಾಗೆ ಬಂದವರಲ್ಲಿ ಅನೇಕರು ತಂಗಿದ್ದು ಇದೇ ಬೆಳಗಾವಿಯಲ್ಲಿ. ಅವರು ಬಂದದ್ದು ಯಾವುದೋ ದೂರದ ಖಂಡದಿಂದಲ್ಲ. ಇಂದು ನಾವು ಅನಮೋಡ ಘಟ್ಟವನ್ನೋ ಚೋರ್ಲಾ ಘಟ್ಟವನ್ನೋ ಇಳಿದು ಮಧ್ಯಾಹ್ನದೊಳಗೆ ಮುಟ್ಟುವ ಗೋವಾದಿಂದ.

ಗೋವಾ ವಿಮೋಚನೆಯೆಂದರೆ ನಮಗೆ ಥಟ್ಟನೆ ನೆನಪಾಗುವುದು 1961ರ ಡಿಸೆಂಬರಿನ ಸೈನಿಕ ಕಾರ್ಯಾಚರಣೆ. ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೆಯ ಪದಾತಿ ವಿಭಾಗ ಜಮಾಯಿಸಿದ್ದು ಇದೇ ಬೆಳಗಾವಿಯಲ್ಲಿ ಎಂಬ ಹೆಮ್ಮೆಯೂ ನಮಗುಂಟು. ಎರಡು ದಿನವೂ ಪೂರ್ತಿ ಹಿಡಿಯದ ಆ ಕಾರ್ಯಾಚರಣೆಯ ನೆನಪು ಅದಕ್ಕೂ ಹಿಂದಿನ ಹದಿನೈದು ವರ್ಷಗಳನ್ನು ಮರೆಮಾಡಿಬಿಟ್ಟಿದೆ ಎಂಬುದು ನನ್ನ ಕೊರಗು. ಇನ್ನೊಂದು ಕೊರಗೂ ಇದೆ. ಆ ಹೋರಾಟವನ್ನು ನಾವು ಪರಕೀಯರನ್ನು ಓಡಿಸಿದ ಕಥೆಯನ್ನಾಗಿ ಮಾತ್ರ ಓದಿಕೊಂಡಿದ್ದೇವೆ. ಅದು ನಿಜವೇ, ಆದರೆ ಅದರ ಎದುರಾಳಿಯಾಗಿದ್ದದ್ದು ಪರಕೀಯ ಆಡಳಿತವಷ್ಟೇ ಆಗಿರಲಿಲ್ಲ, ತನ್ನ ಸ್ವಂತ ಪ್ರಜೆಗಳನ್ನೂ ಬಾಯಿಕಟ್ಟಿ ಆಳುತ್ತಿದ್ದ ಒಂದು ಸರ್ವಾಧಿಕಾರವಾಗಿತ್ತು.

ಪೋರ್ಚುಗಲ್‌ನಲ್ಲಿ ಅಂತೋನಿಯೊ ಸಾಲಜಾರ್ 1928ರಲ್ಲಿ ಹಣಕಾಸು ಮಂತ್ರಿಯಾಗಿ, 1932ರಲ್ಲಿ ಪ್ರಧಾನಿಯಾಗಿ, 1933ರಲ್ಲಿ ಹೊಸ ಸಂವಿಧಾನ ತಂದು ಕಟ್ಟಿದ ಆಡಳಿತಕ್ಕೆ ‘ಹೊಸ ರಾಜ್ಯ’ ಎಂದು ಹೆಸರು. ಅಲ್ಲಿ ಪಕ್ಷ ಒಂದೇ, ಪತ್ರಿಕೆಗಳಿಗೆ ಮುಂಚಿತ ಪರಿಶೀಲನೆ, ಮನೆಮನೆಯ ಮಾತನ್ನೂ ಆಲಿಸುವ ಗುಪ್ತ ಪೊಲೀಸರು. 1930ರ ವಸಾಹತು ಕಾಯಿದೆಯ ಮೂಲಕ ಅದೇ ಬಿಗಿ ಗೋವಾಕ್ಕೂ ಬಂದಿತ್ತು. ಸಭೆ ಸೇರುವಂತಿರಲಿಲ್ಲ, ಸಂಘ ಕಟ್ಟುವಂತಿರಲಿಲ್ಲ, ಅಚ್ಚಾಗುವ ಪ್ರತಿಯೊಂದು ಹಾಳೆಯೂ ಸರ್ಕಾರದ ಪರಿಶೀಲಕನ ಕಣ್ಣಿನಡಿ ಹಾದು ಬರಬೇಕಿತ್ತು. ಮದುವೆಯ ಕರೆಯೋಲೆಗೂ ಮಂಜೂರಾತಿ ಬೇಕಿತ್ತು ಎಂದರೆ ನಮ್ಮ ಹುಡುಗರು ನಂಬುವುದಿಲ್ಲ. ಲಗ್ನದ ಮುಹೂರ್ತ, ವಧೂವರರ ಹೆಸರು, ಹಿರಿಯರ ಆಶೀರ್ವಾದ, ಇಷ್ಟೇ ಇರುವ ಒಂದು ಹಾಳೆಯನ್ನು ಕಂಡು ಹೆದರುವ ಸರ್ಕಾರದ ಮನಸ್ಸು ಎಂಥದ್ದಿರಬೇಕು ಎಂದು ಒಂದು ಕ್ಷಣ ಯೋಚಿಸಿ. ಜನರು ತಾವಾಗಿಯೇ ಒಂದೆಡೆ ಸೇರುವುದನ್ನು, ಅದು ಅಕ್ಷತೆ ಹಾಕುವುದಕ್ಕೇ ಆಗಿರಲಿ, ಆ ಸರ್ಕಾರ ತನ್ನ ಲೆಕ್ಕಕ್ಕೆ ಹೊರಗೆ ಬಿಡಲು ಸಿದ್ಧವಿರಲಿಲ್ಲ.

1946ರ ಜೂನ್ 18ರಂದು ಮಡಗಾಂವಿನಲ್ಲಿ ಮುರಿದದ್ದು ಈ ಲೆಕ್ಕವನ್ನೇ. ಬ್ರಿಟಿಷರ ಸೆರೆಮನೆಯಲ್ಲಿ ಆರೋಗ್ಯ ಕೆಡಿಸಿಕೊಂಡು ಬಿಡುಗಡೆಯಾಗಿದ್ದ ಡಾ. ರಾಮಮನೋಹರ ಲೋಹಿಯಾ, ಬರ್ಲಿನ್‌ನಲ್ಲಿ ಓದುವಾಗಿನ ಗೆಳೆಯ ಡಾ. ಜುಲಿಯಾಂವ್ ಮೆನೆಜಿಸ್ ಅವರ ಆಹ್ವಾನದ ಮೇಲೆ ಅಸೊಳ್ಣೆ ಎಂಬ ಹಳ್ಳಿಗೆ ವಿಶ್ರಾಂತಿಗೆಂದು ಹೋಗಿದ್ದರು. ಅವರನ್ನು ಕಾಣಲು ಬಂದ ಜನ ತಮ್ಮ ಸಂಕಟ ತೋಡಿಕೊಂಡಾಗ ವಿಶ್ರಾಂತಿ ಅಲ್ಲಿಗೇ ಮುಗಿಯಿತು. ಸುರಿಯುವ ಮಳೆಯಲ್ಲಿ, ಸಭಾನಿಷೇಧವಿದ್ದ ಊರಿನಲ್ಲಿ, ಸಾವಿರಾರು ಜನರೆದುರು ಅವರು ಮಾತಾಡಲು ಎದ್ದುನಿಂತರು. ಪಿಸ್ತೂಲು ಹಿಡಿದು ಬಂದ ಅಧಿಕಾರಿಯ ಕೈಯನ್ನು ಲೋಹಿಯಾ ಪಕ್ಕಕ್ಕೆ ಸರಿಸಿದ ದೃಶ್ಯ ಗೋವಾದ ಜನಪದ ನೆನಪಿನಲ್ಲಿ ಇಂದಿಗೂ ಉಳಿದಿದೆ. ಆ ದಿನ ಅವರು ಕೇಳಿದ್ದು ಪೌರಹಕ್ಕುಗಳನ್ನು: ಮಾತಾಡುವ ಹಕ್ಕು, ಸೇರುವ ಹಕ್ಕು, ಬರೆಯುವ ಹಕ್ಕು. ಪೋರ್ಚುಗೀಸರು ತೊಲಗಲಿ ಎಂಬ ಬೇಡಿಕೆ ಬಲಿತದ್ದು ಅದರ ಬೆನ್ನಿಗೆ. ಈ ಅನುಕ್ರಮ ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ಮುಂದಿನ ಹದಿನೈದು ವರ್ಷ ಗಡಿಯಾಚೆಯಿಂದ ನಡೆದ ಕೆಲಸಕ್ಕೆಲ್ಲ ಅದೇ ಬೀಜ.

ಮಡಗಾಂವಿನ ಸಭೆಯ ನಂತರ ಚಳವಳಿಗೆ ಒಂದು ಸಂಘಟನೆ ಬೇಕಾಯಿತು. ಗೋವಾದ ಒಳಗೆ ಅದನ್ನು ಕಟ್ಟುವುದು ಸಾಧ್ಯವಿರಲಿಲ್ಲ. ಆದ್ದರಿಂದ ಅದೇ ವರ್ಷ ಗೋವಾದ ಕಾರ್ಯಕರ್ತರು ಘಟ್ಟ ಹತ್ತಿ ಬಂದು, ಇಂದಿನ ಖಾನಾಪುರ ತಾಲೂಕಿನ ಲೋಂಡಾದಲ್ಲಿ ಸೇರಿ ‘ನ್ಯಾಷನಲ್ ಕಾಂಗ್ರೆಸ್ (ಗೋವಾ)’ ಸ್ಥಾಪಿಸಿದರು. ಲೋಂಡಾ ನಮಗೆಲ್ಲ ಗೊತ್ತಿರುವುದು ರೈಲು ಬದಲಿಸುವ ಜಂಕ್ಷನ್ ಎಂದು. ನಾನೂ ಅಲ್ಲಿ ಎಷ್ಟೋ ರಾತ್ರಿ ಚಹಾ ಕುಡಿಯುತ್ತ ಗಾಡಿಗಾಗಿ ಕಾದಿದ್ದೇನೆ. ಇಲ್ಲಿ ಒಂದು ನಾಡಿನ ರಾಜಕೀಯ ಸಂಘಟನೆ ಹುಟ್ಟಿತ್ತು ಎಂಬ ಸುಳಿವು ಬಹಳ ವರ್ಷ ನನಗಿರಲಿಲ್ಲ. 1946ರಲ್ಲಿ ಲೋಂಡಾ ಕೂಡ ಸ್ವತಂತ್ರ ನೆಲವಾಗಿರಲಿಲ್ಲ ಎಂಬುದನ್ನು ಗಮನಿಸಿ; ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿ ಇನ್ನೂ ಬ್ರಿಟಿಷರ ಆಳ್ವಿಕೆಯಿತ್ತು. ಒಂದು ಸಾಮ್ರಾಜ್ಯದ ಕಣ್ಣು ತಪ್ಪಿಸಿ ಇನ್ನೊಂದು ಸಾಮ್ರಾಜ್ಯದ ಅಂಗಳದಲ್ಲಿ ಅವರು ಸಭೆ ನಡೆಸಿದರು. ತಮ್ಮ ಮನೆಯಲ್ಲಿ ಮಾಡಲಾಗದ ಅತಿ ಸಾಮಾನ್ಯ ಕೆಲಸಗಳನ್ನು, ಅಂದರೆ ಒಂದೆಡೆ ಕುಳಿತು ಚರ್ಚಿಸುವುದು, ಠರಾವು ಮಂಡಿಸುವುದು, ಪದಾಧಿಕಾರಿಗಳನ್ನು ಆರಿಸುವುದು ಇವನ್ನೆಲ್ಲ ಅನ್ಯರ ನೆಲದಲ್ಲಿ ಮಾಡಿದರು. ದೇಶಾಂತರದಲ್ಲಿರುವವರ ಚಳವಳಿಯ ಮರ್ಮವೇ ಇದೆಂದು ನಾನು ತಿಳಿದಿದ್ದೇನೆ. ಊರಿನಲ್ಲಿ ಬೀಗ ಬಿದ್ದಿರುವ ಪೌರಜೀವನವನ್ನು ಅವರು ಬೇರೆಡೆಗೆ ಒಯ್ದು, ಕೆಂಡವನ್ನು ಬೂದಿಯಲ್ಲಿ ಮುಚ್ಚಿ ಕಾಯುವಂತೆ ಕಾಯುತ್ತಾರೆ.

ಒಳಗೆ ಉಳಿದವರಿಗೆ ಏನಾಯಿತು? ಗೋವಾದ ರಾಷ್ಟ್ರೀಯತೆಯ ಪಿತಾಮಹರೆನಿಸಿದ ತ್ರಿಸ್ತಾಂವ್ ಬ್ರಾಗಾಂಸಾ ಕುನ್ಹಾ ಅವರನ್ನು 1946ರಲ್ಲೇ ಬಂಧಿಸಿ, ಸೈನಿಕ ನ್ಯಾಯಮಂಡಳಿಯ ಮುಂದೆ ನಿಲ್ಲಿಸಿ, ಎಂಟು ವರ್ಷದ ಶಿಕ್ಷೆ ವಿಧಿಸಿ, ಪೋರ್ಚುಗಲ್‌ನ ಕಡಲ ದಂಡೆಯ ಪೆನಿಷ್ ಕೋಟೆಗೆ ಸಾಗಿಸಿದರು. ಪುರುಷೋತ್ತಮ ಕಾಕೋಡಕರ, ಲಕ್ಷ್ಮೀಕಾಂತ ಭೆಂಬ್ರೆ, ಡಾ. ರಾಮ ಹೆಗಡೆ, ಜುಝೆ ಇನಾಸಿಯೊ ಲೊಯೊಲಾ ಇವರೂ ಅದೇ ಕೋಟೆ ಸೇರಿದರು. ಅಲ್ಲಿ ಅವರ ಅಕ್ಕಪಕ್ಕ ಇದ್ದವರು ಯಾರು? ಸಾಲಜಾರ್‌ನ ವಿರುದ್ಧ ದನಿಯೆತ್ತಿದ ಪೋರ್ಚುಗೀಸ್ ಪ್ರಜೆಗಳೇ. ಕುನ್ಹಾ 1953ರಲ್ಲಿ ಪೋರ್ಚುಗಲ್‌ನಿಂದ ತಪ್ಪಿಸಿಕೊಂಡು ಮುಂಬಯಿ ಮುಟ್ಟಿದರು. ಅಲ್ಲಿ ಗೋವಾ ಕ್ರಿಯಾ ಸಮಿತಿ ಕಟ್ಟಿ, ‘ಫ್ರೀ ಗೋವಾ’ ಎಂಬ ಪತ್ರಿಕೆ ನಡೆಸಿದರು.

ಮಾಪುಸಾದ ಶಸ್ತ್ರವೈದ್ಯ ಡಾ. ಪುಂಡಲೀಕ ಗಾಯತೊಂಡೆಯವರ ಪ್ರಸಂಗವಂತೂ ಒಂದು ಶಬ್ದದಲ್ಲಿ ಮುಗಿಯುವಂಥದ್ದು. 1954ರ ಫೆಬ್ರುವರಿಯಲ್ಲಿ ಒಂದು ಔತಣಕೂಟದಲ್ಲಿ ಭಾಷಣಕಾರರೊಬ್ಬರು ಗೋವಾ ಪೋರ್ಚುಗಲ್ಲೇ ಎಂಬ ಅರ್ಥದ ಮಾತಾಡಿದಾಗ ಗಾಯತೊಂಡೆಯವರು ಕುಳಿತಲ್ಲಿಂದಲೇ ತಮ್ಮ ಪ್ರತಿಭಟನೆಯಿದೆ ಎಂದರು. ಅಷ್ಟಕ್ಕೇ ಬಂಧನ, ಹಡಗು, ಲಿಸ್ಬನ್. ಅವರ ಪತ್ನಿ ಎದಿಲಾ ಪೋರ್ಚುಗೀಸ್ ಮಹಿಳೆ. ತನ್ನ ತವರಿನ ಸರ್ಕಾರವೇ ತನ್ನ ಗಂಡನನ್ನು ಕೈದಿಯಾಗಿ ತನ್ನ ತವರಿಗೆ ಕರೆತಂದದ್ದನ್ನು ಅವರು ಕಾಣಬೇಕಾಯಿತು. ಮುಂದೆ ಭಾರತಕ್ಕೆ ಬಂದ ಈ ದಂಪತಿ ಗೋವಾದ ಪ್ರಶ್ನೆಯನ್ನು ಜಗತ್ತಿನ ಮುಂದೆ ಇಡುವುದರಲ್ಲಿ ವರ್ಷಗಳನ್ನು ಕಳೆದರು.

ಇಂಥ ಆಡಳಿತವನ್ನು ಹೊರಗಿನಿಂದ ಎದುರಿಸುವವರ ಕೈಯಲ್ಲಿ ಏನಿರುತ್ತದೆ? ಸೈನ್ಯವಿಲ್ಲ, ಖಜಾನೆಯಿಲ್ಲ, ಮತದಾರರಿಲ್ಲ. ಇರುವುದು ದನಿಯೊಂದೇ. ಆ ದನಿಯನ್ನು ಗಡಿ ದಾಟಿಸುವ ಕೆಲಸದಲ್ಲಿ ಗೋವಾದ ಇಬ್ಬರು ಮಾಡಿದ್ದನ್ನು ತುಸು ವಿವರವಾಗಿ ಹೇಳುತ್ತೇನೆ. 1955ರ ನವೆಂಬರ್ 25ರಂದು ‘ಸ್ವಾತಂತ್ರ್ಯದ ದನಿ’ ಎಂಬ ಅರ್ಥದ ಹೆಸರಿನ ಒಂದು ಗುಪ್ತ ಬಾನುಲಿ ಆರಂಭವಾಯಿತು. ಅದನ್ನು ನಡೆಸಿದವರು ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ. ಹಿಂದಿನ ವರ್ಷ ದಾದ್ರಾ ಮತ್ತು ನಗರಹವೇಲಿಗಳು ಬಿಡುಗಡೆಯಾದಾಗ ಅಲ್ಲಿಯ ಪೋರ್ಚುಗೀಸ್ ಪೊಲೀಸರಿಂದ ವಶವಾದ ನಿಸ್ತಂತು ಉಪಕರಣಗಳನ್ನೇ ಪ್ರಸಾರಕ್ಕೆ ಹೊಂದುವಂತೆ ಮಾರ್ಪಡಿಸಲಾಗಿತ್ತು. ಮೊದಲು ಅಂಬೋಲಿಯ ಕಾಡಿನಿಂದ, ನಂತರ ನಮ್ಮ ಲೋಂಡಾದಿಂದ ಗೋವಾದ ಕಡೆಗೆ ಹೋಗುವಾಗ ಘಟ್ಟದ ನೆತ್ತಿಯ ಮೇಲೆ ಸಿಗುವ ಕ್ಯಾಸಲ್‌ರಾಕ್‌ನಿಂದ ಅದು ಕೊಂಕಣಿಯಲ್ಲೂ ಪೋರ್ಚುಗೀಸಿನಲ್ಲೂ ಪ್ರಸಾರವಾಗುತ್ತಿತ್ತು. ಕ್ಯಾಸಲ್‌ರಾಕ್‌ನ ಮಳೆಗಾಲವನ್ನು ಕಂಡವರಿಗೆ ಅಲ್ಲಿ ಆರು ವರ್ಷ ಕಾಡಿನ ನಡುವೆ, ತಾವು ಯಾರೆಂದು ಯಾರಿಗೂ ಹೇಳದೆ, ನಿತ್ಯ ಬೆಳಗಾದರೆ ಒಂದು ಪ್ರಸಾರಕ್ಕೆ ಬರಹ ಸಿದ್ಧಮಾಡಿಕೊಂಡು ಬದುಕುವುದೆಂದರೇನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಪ್ರಸಾರದಲ್ಲಿ ಹುರಿದುಂಬಿಸುವ ಮಾತು ಇದ್ದೇ ಇತ್ತು. ಆದರೆ ಅದರ ಜೀವಾಳವಾಗಿದ್ದದ್ದು ಸುದ್ದಿ. ಭಾರತದ ಸಂಸತ್ತಿನಲ್ಲಿ ಗೋವಾದ ಬಗ್ಗೆ ಏನು ಚರ್ಚೆಯಾಯಿತು, ಆಫ್ರಿಕಾದಲ್ಲಿ ಪೋರ್ಚುಗೀಸರ ವಿರುದ್ಧ ಎಲ್ಲಿ ಏನು ನಡೆಯಿತು, ಲಿಸ್ಬನ್ ಹೇಳುತ್ತಿರುವುದರಲ್ಲಿ ಸುಳ್ಳು ಯಾವುದು ಎಂಬ ಸಂಗತಿಗಳು ಪರಿಶೀಲಕನ ಕತ್ತರಿಗೆ ಸಿಗದೆ ಗೋವಾದ ಮನೆಗಳನ್ನು ತಲುಪುತ್ತಿದ್ದವು. ಸರ್ವಾಧಿಕಾರ ತನ್ನ ಪ್ರಜೆಯನ್ನು ಮೊದಲು ಒಂಟಿ ಮಾಡುತ್ತದೆ. ನಿನ್ನಂತೆ ಯೋಚಿಸುವವರು ಬೇರಾರೂ ಇಲ್ಲವೆಂದು ನಂಬಿಸುತ್ತದೆ. ಬಾಗಿಲು ಹಾಕಿಕೊಂಡು ರೇಡಿಯೋದ ಕಿವಿ ಹಿಂಡಿ ಆ ದನಿಯನ್ನು ಕೇಳಿದವನಿಗೆ ತಾನು ಒಂಟಿಯಲ್ಲ ಎಂಬುದು ತಿಳಿಯುತ್ತಿತ್ತು. 1961ರ ಡಿಸೆಂಬರಿನಲ್ಲಿ ಶರಣಾಗತಿಯ ಸುದ್ದಿ ಬಂದ ಮೇಲೆ ಇದೇ ಇಬ್ಬರು ಧ್ವನಿವರ್ಧಕ ಅಳವಡಿಸಿದ ವಿಮಾನವೇರಿ, 451 ವರ್ಷಗಳ ಪರಕೀಯ ಆಳ್ವಿಕೆ ಮುಗಿಯಿತೆಂದು ಗೋವಾದ ಮೇಲೆ ಹಾರುತ್ತ ಸಾರಿದರು. ಆರು ವರ್ಷ ಮುಖವಿಲ್ಲದ ದನಿಯಾಗಿದ್ದವರು ಅಂದೂ ಮುಗಿಲಿನಿಂದ ಬಂದ ದನಿಯಾಗಿಯೇ ಊರಿಗೆ ಮರಳಿದರು. ಮುಂದೆ ಅವರಿಬ್ಬರೂ ಸತಿಪತಿಯರಾದರು. ಲಿಬಿಯಾ ಲೋಬೊ ಸರದೇಸಾಯಿ ಅವರಿಗೆ 2025ರಲ್ಲಿ, ನೂರರ ವಯಸ್ಸಿನಲ್ಲಿ, ಪದ್ಮಶ್ರೀ ಸಂದಿತು.

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಅಪೂರ್ಣವಾಗುತ್ತದೆ. ದೇಶಾಂತರದಲ್ಲಿ ಹೋರಾಡುವವರು ಒಗ್ಗಟ್ಟಾಗಿರುವುದು ಅಪರೂಪ, ಗೋವಾದವರೂ ಹಾಗೆ ಇರಲಿಲ್ಲ. ಪೀಟರ್ ಅಲ್ವಾರಿಸ್ ನೇತೃತ್ವದ ನ್ಯಾಷನಲ್ ಕಾಂಗ್ರೆಸ್ ಸತ್ಯಾಗ್ರಹದ ಹಾದಿ ಹಿಡಿದರೆ, ವಿಶ್ವನಾಥ ಲವಂದೆ ಮತ್ತು ಗೆಳೆಯರ ಆಜಾದ್ ಗೋಮಂತಕ ದಳ ಶಸ್ತ್ರ ಹಿಡಿಯಿತು. ಕುನ್ಹಾ ಅವರದು ಮತ್ತೊಂದು ನೆಲೆ. ಕೆಲವರಿಗೆ ಗೋವಾ ಮುಂದೆ ಮಹಾರಾಷ್ಟ್ರದಲ್ಲಿ ಸೇರಬೇಕಿತ್ತು, ಕೆಲವರಿಗೆ ಅದು ತನ್ನತನ ಉಳಿಸಿಕೊಳ್ಳಬೇಕಿತ್ತು. ಒಂದೇ ಗುರಿಯ ಜನರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿದ ಸಂದರ್ಭಗಳೂ ಇವೆ. ಇದನ್ನು ದೌರ್ಬಲ್ಯವೆಂದು ಹಳಿಯಲು ನನಗೆ ಮನಸ್ಸು ಬರುವುದಿಲ್ಲ. ಊರಿನಿಂದ ದೂರವಿರುವವನಿಗೆ ತನ್ನ ನಿಲುವು ಸರಿಯೋ ತಪ್ಪೋ ಎಂದು ಊರಿನವರನ್ನು ಕೇಳಿ ತಿಳಿಯುವ ದಾರಿಯಿಲ್ಲ, ಚುನಾವಣೆಯಿಲ್ಲದ ಕಡೆ ಯಾರ ಹಿಂದೆ ಎಷ್ಟು ಜನರಿದ್ದಾರೆ ಎಂದು ಎಣಿಸುವವರಿಲ್ಲ. ಆದ್ದರಿಂದ ಪ್ರತಿಯೊಬ್ಬನೂ ತಾನೇ ಜನರ ನಿಜವಾದ ದನಿಯೆಂದು ಪ್ರಾಮಾಣಿಕವಾಗಿಯೇ ನಂಬಿಬಿಡುತ್ತಾನೆ.

ಆಶ್ರಯ ಕೊಟ್ಟ ನೆಲದೊಂದಿಗಿನ ಸಂಬಂಧವೂ ಸರಳವಾಗಿರಲಿಲ್ಲ. 1955ರ ಆಗಸ್ಟ್ 15ರಂದು ಭಾರತದ ಎಲ್ಲೆಡೆಯಿಂದ ಬಂದ ಸಾವಿರಾರು ಸತ್ಯಾಗ್ರಹಿಗಳು ನಿರಾಯುಧರಾಗಿ ಗೋವಾದ ಗಡಿ ದಾಟಿದರು. ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ವರ್ಷ ಗೋವಾದ ಸೆರೆಮನೆ ಕಂಡವರಲ್ಲಿ ಮಧು ಲಿಮಯೆ, ನಾನಾಸಾಹೇಬ ಗೋರೆ ಅವರೊಡನೆ ನಮ್ಮ ನರಗುಂದದ ಜಗನ್ನಾಥರಾವ ಜೋಶಿಯವರೂ ಇದ್ದರು. ಆ ರಕ್ತಪಾತದ ನಂತರ ಭಾರತ ಸರ್ಕಾರ ಒಂದು ಕಡೆ ಗೋವಾದ ಮೇಲೆ ಆರ್ಥಿಕ ದಿಗ್ಬಂಧನ ಹೇರಿತು, ಇನ್ನೊಂದು ಕಡೆ ಸತ್ಯಾಗ್ರಹಿಗಳು ಗಡಿ ದಾಟುವುದನ್ನೂ ತಡೆಯಿತು. ಯುದ್ಧ ಬೇಡ, ಜಗತ್ತಿನ ಮುಂದೆ ಶಾಂತಿಯ ಮಾತು ಉಳಿಯಬೇಕು ಎಂಬ ನೆಹರೂ ಅವರ ಲೆಕ್ಕಾಚಾರದಲ್ಲಿ ಅರ್ಥವಿಲ್ಲದಿರಲಿಲ್ಲ. ಆದರೂ ಬೆಳಗಾವಿಯ ಬಾಡಿಗೆ ಕೋಣೆಯಲ್ಲಿ ಕುಳಿತು ಅಪ್ಪಣೆಗಾಗಿ ಕಾದ ಗೋವಾದ ಯುವಕನ ಕಣ್ಣಿನಲ್ಲಿ ಅದು ಹೇಗೆ ಕಂಡಿರಬೇಕು? ಆಶ್ರಯ ಪಡೆದವನು ಆಶ್ರಯದಾತನ ಮರ್ಜಿಯನ್ನೂ ಹೊರಬೇಕಾಗುತ್ತದೆ. ದೊಡ್ಡ ರಾಷ್ಟ್ರದ ವಿದೇಶಾಂಗ ನೀತಿಯಲ್ಲಿ ಅವನ ಊರು ಒಂದು ಅಂಶ ಮಾತ್ರ. ಅವನಿಗೋ ಅದೊಂದೇ ಎಲ್ಲ.

ದಿಗ್ಬಂಧನದ ಬಿಸಿ ಘಟ್ಟದ ಮೇಲೂ ತಟ್ಟಿತು, ಕೆಳಗೂ ತಟ್ಟಿತು. ಕ್ಯಾಸಲ್‌ರಾಕ್ ದಾಟಿ ಇಳಿಯುತ್ತಿದ್ದ ರೈಲು ನಿಂತಿತು. ಇಂದು ಬೆಳಗಿನ ಜಾವ ಬೆಳಗಾವಿಯ ಕಾಯಿಪಲ್ಯೆ ಗೋವಾದ ಸಂತೆಗೆ ಹೋಗದಿದ್ದರೆ ಅಲ್ಲಿಯ ಅಡಿಗೆಮನೆ ಪರದಾಡುತ್ತದೆ. ಅಂದು ಆರು ವರ್ಷ ಆ ದಾರಿ ಮುಚ್ಚಿತ್ತು. ಗೋವಾದವರು ಹಾಲೆಂಡಿನಿಂದ ಹಡಗಿನಲ್ಲಿ ಬಂದ ಬಟಾಟಿ ತಿಂದರು. ಗಡಿಯ ಎರಡೂ ಕಡೆ ನೆಂಟಸ್ತಿಕೆಯಿದ್ದ ಮನೆಗಳಲ್ಲಿ ಹೆಣ್ಣುಮಕ್ಕಳು ತವರಿಗೆ ಬರಲಾಗದೆ ಉಳಿದರು. ದೇಶಾಂತರದಲ್ಲಿರುವ ಹೋರಾಟಗಾರನಿಗೆ ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿಲ್ಲ. ಸರ್ಕಾರವನ್ನು ಮಣಿಸಲು ತಾನೇ ಕೇಳಿಕೊಂಡ ಒತ್ತಡ ತನ್ನ ತಾಯಿಯ ಒಲೆಯನ್ನೂ ಮುಟ್ಟುತ್ತದೆ. ಈ ಪ್ರಶ್ನೆಗೆ ಅಂದೂ ಒಮ್ಮತವಿರಲಿಲ್ಲ, ಇಂದು ಜಗತ್ತಿನ ಬೇರೆ ಬೇರೆ ದೇಶಗಳಿಂದ ಹೊರಬಿದ್ದವರಲ್ಲಿಯೂ ಇಲ್ಲ.

ಸಾಲಜಾರ್ ಇದನ್ನೆಲ್ಲ ಕಾನೂನಿನ ಭಾಷೆಯಲ್ಲಿ ಮುಚ್ಚಲು ಯತ್ನಿಸಿದ. 1951ರಲ್ಲಿ ಸಂವಿಧಾನವನ್ನೇ ತಿದ್ದಿ ವಸಾಹತುಗಳನ್ನು ‘ಸಾಗರದಾಚೆಯ ಪ್ರಾಂತಗಳು’ ಎಂದು ಕರೆದ. ವಸಾಹತೇ ಇಲ್ಲವೆಂದ ಮೇಲೆ ಬಿಡುಗಡೆಯ ಮಾತೆಲ್ಲಿ ಎಂಬುದು ಅವನ ವಾದ. 1960ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಆ ವಾದವನ್ನು ತಳ್ಳಿಹಾಕಿ ಗೋವಾವನ್ನೂ ಸ್ವಯಮಾಡಳಿತವಿಲ್ಲದ ಪ್ರದೇಶಗಳ ಪಟ್ಟಿಯಲ್ಲಿ ಹೆಸರಿಸಿತು. ಮರುವರ್ಷ ಕಾಸಾಬ್ಲಾಂಕಾದಲ್ಲಿ ಪೋರ್ಚುಗೀಸ್ ವಸಾಹತುಗಳ ರಾಷ್ಟ್ರೀಯ ಸಂಘಟನೆಗಳು ಒಂದಾದಾಗ ಅಂಗೋಲಾ, ಮೊಜಾಂಬಿಕ್, ಗಿನಿಗಳವರ ಜೊತೆ ಗೋವಾದವರೂ ಕುಳಿತಿದ್ದರು. ಗೋವಾದಲ್ಲಿ ಹುಟ್ಟಿದ ಅಕಿನೊ ದ ಬ್ರಾಗಾಂಸಾ ಆ ಒಕ್ಕೂಟದ ಕೆಲಸದಲ್ಲಿ ಮುಂಚೂಣಿಯಲ್ಲಿದ್ದು, ಮುಂದೆ ಮೊಜಾಂಬಿಕ್‌ನ ಬಿಡುಗಡೆಗೇ ತಮ್ಮ ಬದುಕನ್ನು ಕೊಟ್ಟರು.

ಈಗ ಆರಂಭದಲ್ಲಿ ಹೇಳಿದ ಮಾತಿಗೆ ಬರುತ್ತೇನೆ. ಇದೇ ಸರ್ವಾಧಿಕಾರಕ್ಕೆ ಸ್ವತಃ ಪೋರ್ಚುಗೀಸರೂ ಎದುರು ನಿಂತಿದ್ದರು. ಜನರಲ್ ಉಂಬೆರ್ತೊ ದೆಲ್ಗಾದೊ 1958ರಲ್ಲಿ ರಾಷ್ಟ್ರಪತಿ ಸ್ಥಾನಕ್ಕೆ ಸ್ಪರ್ಧಿಸಿ, ಗೆದ್ದರೆ ಸಾಲಜಾರ್‌ನನ್ನು ಕೆಲಸದಿಂದ ತೆಗೆಯುತ್ತೇನೆಂದು ಬಹಿರಂಗವಾಗಿ ಹೇಳಿ, ಅಕ್ರಮ ಎಣಿಕೆಯಲ್ಲಿ ಸೋತು, ಮರುವರ್ಷ ಬ್ರೆಜಿಲ್‌ನ ಆಶ್ರಯ ಪಡೆದು ಅಲ್ಲಿಗೆ ಹೋದರು. ಅಲ್ಲಿಂದಲೂ ಅವರು ಸುಮ್ಮನಾಗಲಿಲ್ಲ. 1965ರ ಫೆಬ್ರುವರಿ 13ರಂದು ಗುಪ್ತ ಪೊಲೀಸರು ಅವರನ್ನು ಸ್ಪೇನ್‌ನ ಗಡಿಗೆ ಬರುವಂತೆ ಮಾಡಿ, ಅವರನ್ನೂ ಅವರ ಕಾರ್ಯದರ್ಶಿಯನ್ನೂ ಕೊಂದರು. ದೆಲ್ಗಾದೊ ಅವರನ್ನು ಕೊಂದವನು ಕಾಸಿಮಿರೊ ಮೊಂತೆಯ್ರೊ. ಈ ಹೆಸರು ಗೋವಾದ ಹಳಬರಿಗೆ ಹೊಸದಲ್ಲ. 1950ರ ದಶಕದಲ್ಲಿ ಗೋವಾದ ಠಾಣೆಗಳಲ್ಲಿ ಸತ್ಯಾಗ್ರಹಿಗಳನ್ನು ಬಡಿದು ಹಣ್ಣುಮಾಡಿದ ಏಜೆಂಟ್ ಮೊಂತೆಯ್ರೊ ಅವನೇ. ಗೋವಾದ ಹೋರಾಟಗಾರನ ಬೆನ್ನಿಗೆ ಬಿದ್ದ ಕೈಯೂ ಪೋರ್ಚುಗಲ್‌ನ ಪ್ರಜಾಪ್ರಭುತ್ವವಾದಿಯ ಜೀವ ತೆಗೆದ ಕೈಯೂ ಒಂದೇ ಆಗಿತ್ತು. ಇದನ್ನು ಮೊದಲ ಸಲ ತಿಳಿದ ದಿನ ಎಷ್ಟೋ ಹೊತ್ತು ನನಗೆ ಬೇರೆ ಏನನ್ನೂ ಓದಲಾಗಲಿಲ್ಲ.

ಗೋವಾ 1961ರಲ್ಲಿ ಬಿಡುಗಡೆಯಾಯಿತು, ಪೋರ್ಚುಗಲ್ ಇನ್ನೂ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಆ ಅವಧಿಯ ಕೊನೆಯ ವರ್ಷಗಳಲ್ಲಿ ಪೋರ್ಚುಗಲ್‌ನ ಸಮಾಜವಾದಿ ನಾಯಕ ಮಾರಿಯೊ ಸುವಾರಿಸ್ ದೇಶ ಬಿಟ್ಟು ಪ್ಯಾರಿಸ್ಸಿನಲ್ಲಿದ್ದರು. ಪೋರ್ಚುಗಲ್‌ನ ಸಮಾಜವಾದಿ ಪಕ್ಷ 1973ರ ಏಪ್ರಿಲ್‌ನಲ್ಲಿ ಸ್ಥಾಪನೆಯಾದದ್ದು ಜರ್ಮನಿಯ ಒಂದು ಪುಟ್ಟ ಪಟ್ಟಣದಲ್ಲಿ. ಅದನ್ನು ಓದಿದಾಗ ನನಗೆ ಲೋಂಡಾ ನೆನಪಾಯಿತು. 1974ರ ಏಪ್ರಿಲ್ 25ರಂದು ಸೈನ್ಯದ ಕಿರಿಯ ಅಧಿಕಾರಿಗಳು ಸರ್ವಾಧಿಕಾರವನ್ನು ಉರುಳಿಸಿದ ಮೂರೇ ದಿನಕ್ಕೆ ಸುವಾರಿಸ್ ರೈಲಿನಲ್ಲಿ ಲಿಸ್ಬನ್ ತಲುಪಿದರು. ಅದೇ ವರ್ಷದ ಕೊನೆಯ ದಿನ ಹೊಸ ಪೋರ್ಚುಗಲ್ ಗೋವಾದ ಮೇಲಿನ ಭಾರತದ ಸಾರ್ವಭೌಮತ್ವವನ್ನು ಒಪ್ಪಿ ಸಹಿ ಹಾಕಿತು. ಸರ್ವಾಧಿಕಾರಿಗೆ ಸಾಧ್ಯವಾಗದಿದ್ದ ಒಂದು ಸಹಿ ಪ್ರಜಾಪ್ರಭುತ್ವಕ್ಕೆ ಎಂಟು ತಿಂಗಳಲ್ಲಿ ಸಾಧ್ಯವಾಯಿತು.

ಪೋರ್ಚುಗಲ್ ಹೀಗೆ ಬಿಡುಗಡೆಯ ಉಸಿರೆಳೆದ ಮರುವರ್ಷವೇ ನಮ್ಮ ದೇಶದಲ್ಲಿ ತುರ್ತು ಪರಿಸ್ಥಿತಿ ಬಂತು. ಗೋವಾದವರಿಗೆ ನಾವು ಆಶ್ರಯ ಕೊಟ್ಟೆವೆಂದು ಬೀಗುವ ಮೊದಲು ಇದನ್ನೂ ನೆನೆಯಬೇಕು. 1975ರ ಜೂನ್ 25ರ ನಂತರ ಇಲ್ಲಿ ಪತ್ರಿಕೆಗಳಿಗೆ ಪರಿಶೀಲಕರು ಬಂದರು, ವಿಚಾರಣೆಯಿಲ್ಲದೆ ಜನ ಸೆರೆಮನೆ ಸೇರಿದರು, ಮತ್ತು ಭಾರತಕ್ಕಾಗಿ ಮಾತಾಡುವ ಕೆಲಸ ಕೆಲಕಾಲ ಭಾರತದ ಹೊರಗಿನವರ ಪಾಲಿಗೆ ಬಂತು. ಅಮೆರಿಕದಲ್ಲಿದ್ದ ಭಾರತೀಯರು ‘ಇಂಡಿಯನ್ಸ್ ಫಾರ್ ಡೆಮಾಕ್ರಸಿ’ ಎಂಬ ಸಂಘಟನೆ ಕಟ್ಟಿದರು. ಅದರ ಮುಂದಾಳುಗಳಲ್ಲಿ ಒಬ್ಬರು ನಮ್ಮ ಉತ್ತರ ಕರ್ನಾಟಕದವರೇ ಆದ ಎಸ್. ಆರ್. ಹಿರೇಮಠರು, ಮುಂದೆ ಧಾರವಾಡಕ್ಕೆ ಮರಳಿ ಸಮಾಜ ಪರಿವರ್ತನ ಸಮುದಾಯ ಕಟ್ಟಿ, ಬಳ್ಳಾರಿಯ ಗಣಿ ಅಕ್ರಮಗಳ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದವರು. ಅವರೆಲ್ಲ ಕರಪತ್ರ ಅಚ್ಚು ಹಾಕಿದರು, ಅಮೆರಿಕದ ಜನಪ್ರತಿನಿಧಿಗಳ ಮುಂದೆ ವಾದಿಸಿದರು, 1976ರಲ್ಲಿ ಫಿಲಡೆಲ್ಫಿಯಾದಿಂದ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯವರೆಗೆ ಕಾಲ್ನಡಿಗೆಯಲ್ಲಿ ಹೋದರು. ಕೆಲವರ ಪಾಸ್‌ಪೋರ್ಟ್ ಕಸಿಯಲಾಯಿತು. ಚಿಕಾಗೋದಲ್ಲಿ ಓದುತ್ತಿದ್ದ ಆನಂದ ಕುಮಾರ್ ಅವರ ವಿದ್ಯಾರ್ಥಿವೇತನ ರದ್ದಾಯಿತು. ಹೊರದೇಶದಲ್ಲಿ ಕುಳಿತು ತಾಯ್ನಾಡಿನ ಮರ್ಯಾದೆ ಕಳೆಯುತ್ತೀರಿ ಎಂಬ ಆಪಾದನೆ ಅವರ ಮೇಲೆ ಬಂತು. ಲಿಸ್ಬನ್ ಕೂಡ ಕುನ್ಹಾ ಅವರಿಗೆ, ಗಾಯತೊಂಡೆಯವರಿಗೆ, ದೆಲ್ಗಾದೊ ಅವರಿಗೆ ಅದನ್ನೇ ಹೇಳಿತ್ತು. ಸರ್ಕಾರವನ್ನು ಟೀಕಿಸುವುದು ದೇಶವನ್ನು ದೂಷಿಸಿದಂತೆ ಎಂಬ ವಾದ ಭಾಷೆ ಬದಲಿಸುತ್ತದೆಯೇ ಹೊರತು ತಿರುಳು ಬದಲಿಸುವುದಿಲ್ಲ.

ಉಪನ್ಯಾಸದ ಕೊನೆಗೆ ಸಭೆಯಲ್ಲಿದ್ದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಎದ್ದು, “ಸರ್, ಹಂಗಾದ್ರ ಅವ್ರು ತಿರುಗಿ ಊರಿಗೆ ಹೋದ ಮ್ಯಾಲ ಜನಾ ಅವ್ರನ್ನ ಆರಿಸಿ ತಂದ್ರೇನ್ರಿ?” ಎಂದು ಕೇಳಿದಳು. ನಾನು ಅಂದು ಎರಡು ಮಾತಿನಲ್ಲಿ ಉತ್ತರಿಸಿದ್ದನ್ನು ಇಲ್ಲಿ ಪೂರ್ತಿಯಾಗಿ ಹೇಳಬೇಕು. ಹೆಚ್ಚಿನವರನ್ನು ಆರಿಸಲಿಲ್ಲ. 1963ರ ಡಿಸೆಂಬರ್ 9ರಂದು ಗೋವಾದ ಜನ ಮೊದಲ ಬಾರಿಗೆ ವಯಸ್ಕ ಮತದಾನದ ಮೂಲಕ ತಮ್ಮ ವಿಧಾನಸಭೆಯನ್ನು ಆರಿಸಿದಾಗ, ಸೆರೆವಾಸ ಕಂಡ ಅನೇಕ ಹೋರಾಟಗಾರರಿದ್ದ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಪಕ್ಷಕ್ಕೆ ಗೋವಾದ 28 ಸ್ಥಾನಗಳಲ್ಲಿ ಒಂದೂ ದಕ್ಕಲಿಲ್ಲ. ಊರಿನಲ್ಲೇ ಉಳಿದಿದ್ದ ಸಾಮಾನ್ಯ ಜನರಿಗೆ ಬೇರೆ ಚಿಂತೆಗಳಿದ್ದವು: ಉಳುವ ಭೂಮಿ, ಜಾತಿ, ಭಾಷೆ, ಮಹಾರಾಷ್ಟ್ರದೊಂದಿಗೆ ವಿಲೀನವಾಗಬೇಕೋ ಬೇಡವೋ ಎಂಬ ಪ್ರಶ್ನೆ. ಆ ಪ್ರಶ್ನೆಯನ್ನೂ ಮುಂದೆ 1967ರ ಜನವರಿ 16ರಂದು ಜನಮತಕ್ಕೇ ಬಿಡಲಾಯಿತು. ವಿಲೀನ ಬೇಡವೆಂದು 1,72,191, ಬೇಕೆಂದು 1,38,170 ಮತಗಳು ಬಿದ್ದವು. ಕರೆಯೋಲೆಗೂ ಮಂಜೂರಾತಿ ಬೇಕಿದ್ದ ಊರಿನಲ್ಲಿ, ತಮ್ಮ ನಾಡು ಯಾವ ರೂಪದಲ್ಲಿರಬೇಕೆಂದು ಮೂರು ಲಕ್ಷಕ್ಕೂ ಹೆಚ್ಚು ಜನ ಚೀಟಿ ಹಾಕಿ ನಿರ್ಧರಿಸಿದರು. ಗಡಿಯಾಚೆಯವರು ಹದಿನೈದು ವರ್ಷ ಕೇಳಿದ್ದು ಇದನ್ನೇ, ತಮ್ಮನ್ನು ಸೋಲಿಸುವ ಹಕ್ಕೂ ಸೇರಿದಂತೆ.

ಎಲ್ಲರೂ ಅದನ್ನು ಕಾಣಲಿಲ್ಲ. ಆಜಾದ್ ಗೋಮಂತಕ ದಳದ ಮೋಹನ ರಾನಡೆ 1955ರಲ್ಲಿ ಸೆರೆಸಿಕ್ಕವರು, ಪೋರ್ಚುಗಲ್‌ನ ಸೆರೆಮನೆಯಲ್ಲಿದ್ದಾಗಲೇ ಗೋವಾ ಬಿಡುಗಡೆಯಾಯಿತು. ಅವರು ಹೊರಬಂದದ್ದು 1969ರಲ್ಲಿ. ಕುನ್ಹಾ ಅವರಂತೂ 1958ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲೇ ತೀರಿಕೊಂಡರು, ಗೋವಾವನ್ನು ಮತ್ತೆ ಕಾಣದೆ. ಅವರ ಅವಶೇಷಗಳನ್ನು ಬಹಳ ವರ್ಷಗಳ ನಂತರ ಪಣಜಿಗೆ ತಂದು ಆಜಾದ್ ಮೈದಾನದ ಸ್ಮಾರಕದಲ್ಲಿ ಇರಿಸಿದ್ದಾರೆ. ಇಂದು ಗೋವಾದಲ್ಲಿ ಸರ್ಕಾರದ ವಿರುದ್ಧ ಧರಣಿ ಕೂರುವವರು ಸಾಮಾನ್ಯವಾಗಿ ಬಂದು ಕೂರುವುದು ಅದೇ ಮೈದಾನದಲ್ಲಿ.